ಓದಿಗಾಗಿ ಓಟ ಬಿಡಿಸಬೇಕಾ?

ಮಕ್ಕಳು ಎಸ್ಸೆಸ್ಸೆಲ್ಸಿಗೆ ಕಾಲಿಟ್ಟರೆ ಸಾಕು, ಉಡುಪಿ, ಕಾಪು, ಕಾರ್ಕಳದ ಎಷ್ಟೋ ಮನೆಗಳಲ್ಲಿ ಮೊದಲು ಮೂಲೆ ಸೇರುವುದು ಅವರ ಸ್ಪೋರ್ಟ್ಸ್ ಶೂ. ಅಜ್ಜರಕಾಡು ಮೈದಾನದಲ್ಲಿ ಗೆದ್ದ ಕಪ್ಪನ್ನು ನೆಂಟರಿಗೆಲ್ಲ ತೋರಿಸಿದವರು ನಾವೇ, ಡಾಕ್ಟರಾಗಬೇಕಾದರೆ ಓಟ ಬಿಡು ಎನ್ನುವವರೂ ನಾವೇ. ಮಗಳಿಗೆ ನಾನೂ ಹಾಗೇ ಹೇಳಿದ್ದೆ. ಆರ್ಥರ್ ವಿಂಟ್ ಅವರ ಬದುಕಿನ ಬಗ್ಗೆ ಓದಿದ ಮೇಲೆ ನಾಚಿಕೆಯಾಯಿತು.

ವಿಂಟ್ ಹುಟ್ಟಿದ್ದು 1920ರಲ್ಲಿ, ಜಮೈಕಾದಲ್ಲಿ. ಆರಡಿ ಐದಿಂಚು ಎತ್ತರ. 1937ರಲ್ಲೇ ಆ ದ್ವೀಪದ ವರ್ಷದ ಬಾಲ ಅಥ್ಲೀಟ್ ಎನಿಸಿಕೊಂಡ ಹುಡುಗ. ಅಷ್ಟರಲ್ಲಿ ಮಹಾಯುದ್ಧ ಬಂತು, 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಓಟಗಾರನ ಒಳ್ಳೆಯ ವರ್ಷಗಳೆಲ್ಲ ಕೈತಪ್ಪಿದವು. ಅವರು 1942ರಲ್ಲಿ ಸೇನಾ ವಿಮಾನ ತರಬೇತಿಗೆ ಸೇರಿದರು. ಕೆನಡಾದಲ್ಲಿ ಹಾರಾಟ ಕಲಿಯುತ್ತಲೇ ಓಡಿದರು, ಆಮೇಲೆ ಬ್ರಿಟನ್ನಿನ ವಾಯುಪಡೆಯಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನದ ಪೈಲಟ್ ಆದರು.

1947ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಮೆಡಿಕಲ್ ಓದಲು ಸೇರಿದರು. ಮರುವರ್ಷ ವೆಂಬ್ಲಿಯಲ್ಲಿ ಒಲಿಂಪಿಕ್ಸ್. ಸ್ವತಂತ್ರ ಭಾರತ ಹಾಕಿಯಲ್ಲಿ ಮೊದಲ ಚಿನ್ನ ಗೆದ್ದದ್ದು ಅಲ್ಲೇ ನೋಡಿ. ಅದೇ ಕೂಟದಲ್ಲಿ ವಿಂಟ್ 400 ಮೀಟರನ್ನು 46.2 ಸೆಕೆಂಡಿನಲ್ಲಿ ಓಡಿ ಜಮೈಕಾಕ್ಕೆ ಮೊತ್ತಮೊದಲ ಒಲಿಂಪಿಕ್ ಚಿನ್ನ ತಂದರು. 800 ಮೀಟರಿನಲ್ಲಿ ಬೆಳ್ಳಿ. ಆದರೆ ರಿಲೇ ಫೈನಲ್‌ನಲ್ಲಿ ಕಾಲಿನ ಸ್ನಾಯು ಹಿಡಿದುಕೊಂಡು ಓಟ ಅರ್ಧಕ್ಕೇ ನಿಂತಿತು. ತನ್ನಿಂದಾಗಿ ಜೊತೆಯ ಮೂವರಿಗೂ ಪದಕ ತಪ್ಪಿತಲ್ಲ, ಆ ಸಂಕಟ ಎಷ್ಟಿರಬೇಡ!

ನಾಲ್ಕು ವರ್ಷ ಪುಸ್ತಕವೂ ಬಿಡಲಿಲ್ಲ, ಟ್ರ್ಯಾಕೂ ಬಿಡಲಿಲ್ಲ. 1952ರ ಹೆಲ್ಸಿಂಕಿಯಲ್ಲಿ ಅದೇ ನಾಲ್ವರು ಮತ್ತೆ ಓಡಿ, ಅಮೆರಿಕವನ್ನು ಬರೇ 0.1 ಸೆಕೆಂಡಿನಿಂದ ಸೋಲಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಆಗ ವಿಂಟ್‌ಗೆ 32 ವರ್ಷ.

ನಮ್ಮ ಮಣಿಪಾಲದಲ್ಲಿ ಕೆಎಂಸಿ ಶುರುವಾದ 1953ರಲ್ಲೇ ಅವರು ಡಾಕ್ಟರಾದರು. 1955ರಲ್ಲಿ ಊರಿಗೆ ಮರಳಿ, ಹ್ಯಾನೋವರ್ ಎಂಬ ಹಳ್ಳಿಗಾಡಿನಲ್ಲಿ ರೋಗಿಗಳ ಸೇವೆಗೆ ನಿಂತರು. 1974ರಿಂದ 1978ರವರೆಗೆ ಬ್ರಿಟನ್ನಿನಲ್ಲಿ ಜಮೈಕಾದ ಹೈಕಮಿಷನರ್ ಕೂಡ ಆಗಿದ್ದರು. 1992ರಲ್ಲಿ ತೀರಿಕೊಂಡರು.

ಎಲ್ಲ ಮಕ್ಕಳೂ ವಿಂಟ್ ಆಗುವುದಿಲ್ಲ, ನಿಜ. ಆದರೆ ಸೋತ ಮೇಲೆ ಎದ್ದು ನಿಲ್ಲುವುದನ್ನು ಅವರಿಗೆ ಮೈದಾನವೇ ಕಲಿಸೀತು. ಟ್ಯೂಷನ್ನಿನ ಟೈಮ್‌ಟೇಬಲ್ ಬರೆಯುವಾಗ ಸಂಜೆಯ ಒಂದು ಗಂಟೆಯನ್ನು ಓಟಕ್ಕೆ ಬಿಡಿ. ನನ್ನ ಮಗಳ ಶೂ ಮೂಲೆಯಿಂದ ಹೊರಗೆ ಬಂದಿದೆ. ನಿಮ್ಮ ಮನೆಯಲ್ಲಿ?