ಮಣ್ಣಿನ ಮುಖಗಳ ಗುಟ್ಟು ಹುಡುಕಿದ ಜೀಲಿಯಾ ನಟಾಲ್

ಮಕ್ಕಳೇ, ಹೊಲ ಉಳುವಾಗ ಮಣ್ಣಿನಿಂದ ಮಾಡಿದ ಪುಟ್ಟ ತಲೆಯೊಂದು ಸಿಕ್ಕರೆ ನೀವೇನು ಮಾಡುತ್ತೀರಿ? ಹಳೆಯ ಆಟಿಕೆ ಎಂದು ಎಸೆದುಬಿಡುತ್ತೀರಾ? ಮೆಕ್ಸಿಕೋ ದೇಶದ ಟಿಯೋಟಿಹುವಾಕಾನ್ ಎಂಬ ಪಾಳು ನಗರದ ಸುತ್ತಲಿನ ಹೊಲಗಳಲ್ಲಿ ಇಂತಹ ತಲೆಗಳು ರಾಶಿರಾಶಿಯಾಗಿ ಸಿಗುತ್ತಿದ್ದವು. ಅವುಗಳ ಗುಟ್ಟು ತಿಳಿಯಲು ಹೊರಟ ಮಹಿಳೆಯೇ ಜೀಲಿಯಾ ನಟಾಲ್.

ಜೀಲಿಯಾ 1857ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದರು. ತಂದೆ ವೈದ್ಯರು. ತಾಯಿ ಮೆಕ್ಸಿಕೋದಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಯೂರೋಪಿನಲ್ಲಿದ್ದು ಜೀಲಿಯಾ ಹಲವು ಭಾಷೆಗಳನ್ನು ಕಲಿತರು. ಪುರಾತತ್ವದಲ್ಲಿ ಮಾತ್ರ ಅವರಿಗೆ ಯಾವ ಪದವಿಯೂ ಇರಲಿಲ್ಲ. ಮದುವೆ ಮುರಿದಾಗ ಪುಟ್ಟ ಮಗಳನ್ನು ಬೆಳೆಸುವ ಹೊಣೆಯೂ ಅವರ ಮೇಲೆ ಬಿತ್ತು. ಆದರೂ ಕಲಿಕೆ ನಿಲ್ಲಲಿಲ್ಲ.

1884ರಲ್ಲಿ ಮೆಕ್ಸಿಕೋಗೆ ಹೋದ ಅವರು ಈ ತಲೆಗಳನ್ನು ಸಂಗ್ರಹಿಸಿದರು. ತಲೆಗಳೇ ಏಕೆ ಸಿಗುತ್ತವೆ? ದೇಹ ಎಲ್ಲಿ? ಕೊಳೆತು ಹೋಗುವ ವಸ್ತುವಿನಿಂದ ದೇಹ ಮಾಡಿರಬೇಕು ಎಂದು ಅವರು ಊಹಿಸಿದರು. ಪ್ರತಿ ಮುಖವೂ ತೀರಿಹೋದ ಒಬ್ಬ ವ್ಯಕ್ತಿಯ ಸಂಕೇತ ಎಂದು 1886ರಲ್ಲಿ ಬರೆದರು. ಇಂತಹ ಗೊಂಬೆಗಳಲ್ಲಿ ಅಲಂಕಾರಕ್ಕೂ ಅರ್ಥವಿದೆ. ಉದಾಹರಣೆಗೆ, ಕಣ್ಣಿನ ಸುತ್ತ ದುಂಡನೆಯ ಬಳೆ ಮತ್ತು ಕೋರೆಹಲ್ಲು ಇದ್ದರೆ ಅದು ಮಳೆಯ ದೇವರ ಗುರುತು.

ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪೀಬಡಿ ವಸ್ತುಸಂಗ್ರಹಾಲಯ ಅವರಿಗೆ ಗೌರವ ಹುದ್ದೆ ನೀಡಿತು. ಪ್ರಾಚೀನ ಮೆಕ್ಸಿಕೋದ ಒಂದು ಚಿತ್ರಲಿಪಿ ಗ್ರಂಥ 1902ರಲ್ಲಿ ಪ್ರಕಟವಾಗಿ ಅವರ ಹೆಸರನ್ನೇ ಪಡೆಯಿತು.

ಆದರೆ ಜೀಲಿಯಾ ಒಂದು ಕಡೆ ತಪ್ಪಿದ್ದರು. ಈ ತಲೆಗಳನ್ನು ಅಜ್‌ಟೆಕ್ ಜನರು, ಸ್ಪೇನಿನವರು ಬರುವ ಸ್ವಲ್ಪ ಮೊದಲು ಮಾಡಿದರು ಎಂದು ಅವರು ತಿಳಿದಿದ್ದರು. ತಪ್ಪಾಗಲು ಕಾರಣವಿದೆ. ನೇಗಿಲಿನಿಂದ ಮೇಲೆ ಬಂದ ವಸ್ತು ಎಷ್ಟು ಆಳದ್ದು ಎಂದು ಹೇಳಲಾಗದು. ಸಾಮಾನ್ಯವಾಗಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು.

ಮುಂದೆ ಮ್ಯಾನುಯೆಲ್ ಗಾಮಿಯೋ ಎಂಬ ಮೆಕ್ಸಿಕೋದ ತರುಣ ವಿದೇಶದಲ್ಲಿ ಪುರಾತತ್ವ ಕಲಿಯಲು ಜೀಲಿಯಾ ನೆರವಾದರು. ಅದೇ ಗಾಮಿಯೋ 1911ರಲ್ಲಿ ಅಜ್‌ಕಪೋಟ್ಸಾಲ್ಕೋ ಎಂಬಲ್ಲಿ ಪದರ ಪದರವಾಗಿ ಅಗೆದರು. ಅಜ್‌ಟೆಕ್ ಪದರದ ಕೆಳಗೆ ಟಿಯೋಟಿಹುವಾಕಾನ್ ಮಾದರಿಯ ವಸ್ತುಗಳು ಸಿಕ್ಕವು! ಅಂದರೆ ಟಿಯೋಟಿಹುವಾಕಾನ್ ಅಜ್‌ಟೆಕ್ ಜನರಿಗಿಂತ ನೂರಾರು ವರ್ಷ ಹಳೆಯದು. ತನ್ನ ನೆರವಿನಿಂದ ಕಲಿತವನೇ ತನ್ನ ತಪ್ಪನ್ನು ತಿದ್ದಲು ದಾರಿ ತೋರಿದ. ವಿಜ್ಞಾನ ಬೆಳೆಯುವುದು ಹೀಗೆಯೇ ಅಲ್ಲವೇ?

ಜೀಲಿಯಾ 1933ರಲ್ಲಿ ಮೆಕ್ಸಿಕೋದ ತಮ್ಮ ಮನೆಯಲ್ಲಿ ನಿಧನರಾದರು.

ಮಕ್ಕಳೇ, ನಿಮಗೂ ಹಳೆಯ ಮಡಕೆ ಚೂರು, ಗೊಂಬೆ ಕಂಡರೆ ಕಿತ್ತು ತರಬೇಡಿ. ಇದ್ದ ಜಾಗದಲ್ಲೇ ಬಿಟ್ಟು ನಿಮ್ಮ ಶಿಕ್ಷಕರಿಗೆ ತಿಳಿಸಿ. ಆ ಜಾಗವೇ ಅದರ ವಯಸ್ಸನ್ನು ಹೇಳುವ ಸಾಕ್ಷಿ.