ಮನ್ರೋ ಸಾಹೇಬನ ಸರಪಳಿ

ಕಾಸರಗೋಡಿನ ನಮಗೂ, ಹಿಂದೂಪುರ ಕಲ್ಯಾಣದುರ್ಗಗಳ ಗಡಿನಾಡ ಕನ್ನಡಿಗರಿಗೂ ಒಂದೇ ಕಲೆಕ್ಟರನು ಒಬ್ಬರ ಹಿಂದೊಬ್ಬರಂತೆ ಕಂದಾಯ ಕಟ್ಟಿದ್ದನೆಂಬುದು ಅನೇಕರಿಗೆ ತಿಳಿಯದು. ಆತನೇ ಸರ್ ಥಾಮಸ್ ಮನ್ರೋ. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿ, 1780ರಲ್ಲಿ ಕಂಪೆನಿಯ ಸಿಪಾಯಿಗಿರಿಗೆಂದು ಮದರಾಸಿಗೆ ಬಂದವನು. ಲೆಕ್ಕಪತ್ರದ ವಿದ್ಯೆಯನ್ನು ಕಲಿತದ್ದು ಬಾರಾಮಹಲಿನಲ್ಲಿ, ಅಲೆಕ್ಸಾಂಡರ್ ರೀಡನ ಕೈಕೆಳಗೆ.

ಶ್ರೀರಂಗಪಟ್ಟಣ ಬಿದ್ದ ಬಳಿಕ 1799ರಲ್ಲಿ ಕೆನರಾಕ್ಕೆ ಬಂದ ಮನ್ರೋ ಇಲ್ಲಿನ ಭೂಮಿಯನ್ನು ಅಳೆಯಿಸಲಿಲ್ಲ. ಹಳೆಯ ಕಡತಗಳನ್ನು ತರಿಸಿ, ವಿಜಯನಗರದ ಕಾಲದಿಂದ ತೀರ್ವೆ ಹೇಗೆ ಏರುತ್ತ ಬಂತೆಂದು ತಾಳೆ ನೋಡಿದ. ನಮ್ಮ ಮಳೆ ಮಾತ್ರ ಅವನಿಗೆ ಸೇರಲಿಲ್ಲ. 1800ರಲ್ಲಿ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಆತ ಹೋದ. ಮಳೆಯ ಕಾಟ ತಪ್ಪಿತು. ಮಳೆಯೇ ಇಲ್ಲದ ಕಾಟ ಎದುರಾಯಿತು!

ಅಲ್ಲಿ ನಂಬಬಹುದಾದ ಕಡತಗಳಿರಲಿಲ್ಲ. ಆದುದರಿಂದ 1802ರಲ್ಲಿ ಹೊಲ ಹೊಲವನ್ನೂ ಅಳೆಯುವ ಕೆಲಸ ಆರಂಭವಾಯಿತು. ಅಳತೆ ಬಲ್ಲ ನಾಲ್ವರು ಗುಮಾಸ್ತರು ಸಿಕ್ಕಿದರು. ಅವರಿಂದ ಉಳಿದವರು ಕಲಿತರು. 33 ಅಡಿ ಉದ್ದದ ಸರಪಳಿ. ಅದರ ಚೌಕ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ನಾವು ಸೆಂಟ್ಸಿನಲ್ಲಿ ಎಣಿಸುತ್ತೇವೆ, ಘಟ್ಟದ ಮೇಲಿನವರು ಈಗಲೂ ಗುಂಟೆಯನ್ನು ಬಿಟ್ಟಿಲ್ಲ.

ಮನುಷ್ಯ ಅಳೆದದ್ದರಲ್ಲಿ ತಪ್ಪು ಬಂದೇ ಬರುತ್ತದೆಂದು ಮನ್ರೋ ಮೊದಲೇ ಒಪ್ಪಿಕೊಂಡಿದ್ದ. ಮೇಲಿನ ಅಳತೆಗಾರರು ಹೊಲಗಳನ್ನು ಮತ್ತೆ ಅಳೆದು ನೋಡಬೇಕು. ಖುಷ್ಕಿಯಲ್ಲಿ ನೂರಕ್ಕೆ 10, ತರಿಯಲ್ಲಿ ನೂರಕ್ಕೆ 5ರಷ್ಟು ವ್ಯತ್ಯಾಸಕ್ಕೆ ಮಾಫಿ. ಅದನ್ನು ಮೀರಿದರೆ ಅಳತೆಗಾರನ ಕೆಲಸ ಹೋಯಿತು. ಅಳತೆಯ ತಪ್ಪು ಎಷ್ಟರವರೆಗೆ ಸಹ್ಯವೆಂದು ಹಾಕಿದ ಮಿತಿ ಇದು.

ಆದರೆ ತಪ್ಪುಗಳಲ್ಲಿ ಎರಡು ಜಾತಿ. ಒಬ್ಬ ಒಂದು ಹೊಲಕ್ಕೆ ಕೊಂಚ ಹೆಚ್ಚು, ಇನ್ನೊಂದಕ್ಕೆ ಕೊಂಚ ಕಡಿಮೆ ಬರೆದರೆ ಊರಿನ ಒಟ್ಟು ಮೊತ್ತದಲ್ಲಿ ಅವು ಬಹುಮಟ್ಟಿಗೆ ಒಂದನ್ನೊಂದು ಕಳೆಯುತ್ತವೆ. ಸರಪಳಿಯೇ 32 ಅಡಿಯದಾದರೆ? ಕಲ್ಯಾಣದುರ್ಗದ ಕಡೆಯ ರೈತನ 10 ಎಕರೆ ಹೊಲ ಕಾಗದದಲ್ಲಿ 10 ಎಕರೆ 25 ಗುಂಟೆಯಾಗುತ್ತದೆ. ನೂರಕ್ಕೆ ಆರರಷ್ಟೇ ತಪ್ಪು, ಮಾಫಿಯ ಒಳಗೇ ಉಂಟು. ಆದರೆ ಆ ಸರಪಳಿ ಮುಟ್ಟಿದ ಪ್ರತಿ ಹೊಲವೂ ಹಿಗ್ಗುತ್ತದೆ, ಇಲ್ಲದ 25 ಗುಂಟೆಗೆ ರೈತ ವರ್ಷ ವರ್ಷವೂ ತೀರ್ವೆ ಕಟ್ಟುತ್ತಾನೆ. ಸಾವಿರ ಹೊಲ ಅಳೆದರೂ ಈ ತಪ್ಪು ಕಳೆಯದು. ಮೊದಲಿನ ಜಾತಿಯದೂ ಸರಕಾರದ ಖಜಾನೆಗೆ ಸರಿಹೋದೀತೇ ಹೊರತು, ಹೆಚ್ಚು ಬರೆಸಿಕೊಂಡ ಬಡವನಿಗೆ ನೆರೆಯವನ ಕಡಿಮೆಯಿಂದ ಏನು ಬಂತು?

ಸರಾಸರಿಯ ಕಥೆಯೂ ಹಾಗೆಯೇ. ಹಿಂದೂಪುರದ ಕಡೆಯ ಕೆರೆ ಕೆಳಗಿನ ಗದ್ದೆಯನ್ನೂ ಕಲ್ಯಾಣದುರ್ಗದ ಕಲ್ಲುಹೊಲವನ್ನೂ ಕೂಡಿಸಿ ಭಾಗಿಸಿದರೆ ಬರುವ ಬೆಳೆ ಎರಡು ಕಡೆಯದೂ ಅಲ್ಲ. ಅದಕ್ಕಾಗಿಯೇ ಅಳತೆ ಮುಗಿದ ಮೇಲೆ ಮಣ್ಣನ್ನು ತರಗತಿಗಳಾಗಿ ವಿಂಗಡಿಸಿ, ತರಗತಿಗೊಂದು ದರ ಹಾಕಲಾಯಿತು.

ಇಷ್ಟೆಲ್ಲ ಮಾಡಿ 1807ರಲ್ಲಿ ಲೆಕ್ಕ ನೋಡಿದಾಗ, ತಾನೇ ಕಟ್ಟಿದ ತೀರ್ವೆ ಬೆಳೆಯ ನೂರಕ್ಕೆ 45ರಷ್ಟಾಗುತ್ತದೆಂದು ಮನ್ರೋ ಕಂಡುಕೊಂಡ. ಅದರಲ್ಲಿ ಕಾಲುಭಾಗ ಕಡಿತಮಾಡಿ, ಬೆಳೆಯ ಸುಮಾರು ಮೂರನೆಯ ಒಂದಕ್ಕೆ ಇಳಿಸಬೇಕೆಂದು ಬರೆದ. ಅಷ್ಟಾದರೂ ಹಗುರವೇನಲ್ಲ. ಕಂಪೆನಿ ಅದನ್ನೂ ಒಪ್ಪದೆ, ಆತ ಸ್ವದೇಶಕ್ಕೆ ಹೋದ ಮೇಲೆ ಊರೂರನ್ನೇ ಗುತ್ತಿಗೆಗೆ ಕೊಟ್ಟು ಕೈಸುಟ್ಟುಕೊಂಡಿತು. 1820ರಲ್ಲಿ ಮದರಾಸಿನ ಗವರ್ನರನಾಗಿ ಮನ್ರೋ ಮರಳಿದ ಮೇಲೆಯೇ ಆ ಕಡಿತ ರೈತನ ಕೈಸೇರಿತು.

ದತ್ತಮಂಡಲವನ್ನು ಕೊನೆಯದಾಗಿ ನೋಡಿಬರಲು ಹೊರಟ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಗುತ್ತಿಯಲ್ಲಿ ಮಣ್ಣುಮಾಡಿದರು, ಮುಂದೆ ಅಸ್ಥಿಯನ್ನು ಮದರಾಸಿನ ಕೋಟೆಗೆ ಒಯ್ದರು. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರುಂಟು.