ಝೇನ್ ಗ್ರೇ ಮತ್ತು ಸಾವಿರ ಪೌಂಡಿನ ಮೀನು

ತಪ್ಪಿಸಿಕೊಂಡ ಮೀನು ಯಾವಾಗಲೂ ಹಿಡಿದ ಮೀನಿಗಿಂತ ದೊಡ್ಡದು ಎಂದು ಗಾಳಗಾರರನ್ನು ಹಾಸ್ಯ ಮಾಡುವುದುಂಟು. ಹಾಸ್ಯದ ಮಾತಾದರೂ ಅದರ ಹಿಂದೆ ನಿಜವಾದೊಂದು ತೊಡಕಿದೆ. ನಡುಗಡಲಿನಲ್ಲಿ, ಮೂರು ನಾಲ್ಕು ಜನರಿರುವ ದೋಣಿಯಲ್ಲಿ, ಒಬ್ಬನು ಮಹಾಮತ್ಸ್ಯವೊಂದನ್ನು ಹಿಡಿದನೆಂದರೆ ಅದಕ್ಕೆ ಸಾಕ್ಷಿ ಯಾರು? ಅವನೊಬ್ಬನೇ ಹಿಡಿದನೋ, ನಾಲ್ವರು ಕೂಡಿ ಎಳೆದರೋ? ತೂಗಿದ ತಕ್ಕಡಿ ಸರಿಯಾಗಿತ್ತೋ? ಓಟದ ಪಂದ್ಯದಲ್ಲಿ ಗಡಿಯಾರ ಹಿಡಿದು ನಿಲ್ಲುವ ಪಂಚರು ಕಡಲಿನಲ್ಲಿ ಇರುವುದಿಲ್ಲ. ಈ ಪ್ರಶ್ನೆಗಳನ್ನು ಇತರರಿಗೆ ಹಾಕುತ್ತ ಬಾಳಿ, ಕೊನೆಗೆ ತಾನೇ ಅವುಗಳಲ್ಲಿ ಸಿಕ್ಕಿಕೊಂಡವನು ಅಮೆರಿಕದ ಕಾದಂಬರಿಕಾರ ಝೇನ್ ಗ್ರೇ.

ಗ್ರೇ ಹುಟ್ಟಿದ್ದು ೧೮೭೨ರ ಜನವರಿ ೩೧ರಂದು, ಒಹಾಯೊ ಸಂಸ್ಥಾನದ ಝೇನ್ಸ್‌ವಿಲ್ ಎಂಬ ಊರಿನಲ್ಲಿ. ಊರಿನ ಹೆಸರು ಆತನ ತಾಯಿಯ ಮನೆತನದಿಂದ ಬಂದದ್ದು. ತಂದೆ ದಂತವೈದ್ಯ, ಕಠಿಣ ಸ್ವಭಾವದವನು. ಮಗನು ಹದಿನೈದನೆಯ ವಯಸ್ಸಿನಲ್ಲಿ ಬರೆದ ಮೊದಲ ಕಥೆಯನ್ನು ಹರಿದುಹಾಕಿ, ಮೇಲೆ ಏಟನ್ನೂ ಕೊಟ್ಟನಂತೆ. ಹುಡುಗನಿಗೆ ಪ್ರಿಯವಾದವು ಎರಡೇ: ಬೇಸ್‌ಬಾಲ್ ಮತ್ತು ಮೀನು. ಬೇಸ್‌ಬಾಲಿನ ಬಲದಿಂದಲೇ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವನ್ನು ಸೇರಿ, ೧೮೯೬ರಲ್ಲಿ ದಂತವೈದ್ಯನಾಗಿ ಹೊರಬಿದ್ದನು. ಅಲ್ಲಿದ್ದಾಗ ಒಂದು ಸಂಗತಿ ನಡೆಯಿತು. ಚೆಂಡೆಸೆಯುವವನು ಇನ್ನಷ್ಟು ದೂರದಿಂದ ಎಸೆಯಬೇಕೆಂದು ೧೮೯೩ರಲ್ಲಿ ನಿಯಮ ಬದಲಾಯಿತು. ಗ್ರೇಯ ಹೆಸರಾಂತ ತಿರುವಿನ ಎಸೆತ ಆ ದೂರಕ್ಕೆ ಸಾಲದೆ ಹೋಯಿತು. ಆತ ಬೇರೆ ಸ್ಥಾನದಲ್ಲಿ ಆಡಬೇಕಾಯಿತು. ನಿಯಮವೊಂದು ಆಟಗಾರನ ಹಣೆಬರಹವನ್ನು ಹೇಗೆ ತಿದ್ದಬಲ್ಲುದೆಂಬುದು ಆತನಿಗೆ ಆಗಲೇ ತಿಳಿದಿರಬೇಕು.

ನ್ಯೂಯಾರ್ಕಿನಲ್ಲಿ ಹಲ್ಲು ಕೀಳುತ್ತ ಕೆಲವು ವರ್ಷ ಕಳೆದವು. ೧೯೦೨ರಲ್ಲಿ ಅಚ್ಚಾದ ಆತನ ಮೊದಲ ಲೇಖನ ಡೆಲವೇರ್ ನದಿಯಲ್ಲಿ ಮೀನು ಹಿಡಿದ ಒಂದು ದಿನದ ವರ್ಣನೆ. ೧೯೦೫ರಲ್ಲಿ ಡಾಲಿ ಎಂಬ ಮುದ್ದು ಹೆಸರಿನ ಲೀನಾ ರಾತ್ ಆತನ ಕೈಹಿಡಿದಳು. ಗಂಡನ ಹಸ್ತಪ್ರತಿಗಳನ್ನು ತಿದ್ದಿ, ಪ್ರಕಾಶಕರೊಡನೆ ವ್ಯವಹರಿಸಿ, ಮನೆಯನ್ನು ನಡೆಸಿದವಳು ಈಕೆಯೇ. ೧೯೧೨ರಲ್ಲಿ ಬಂದ ‘ರೈಡರ್ಸ್ ಆಫ್ ದಿ ಪರ್ಪಲ್ ಸೇಜ್’ ಕಾದಂಬರಿಯಿಂದ ಹಣವೂ ಕೀರ್ತಿಯೂ ಒಟ್ಟಿಗೆ ಹರಿದುಬಂದವು. ಪಶ್ಚಿಮದ ಕುದುರೆ ಸವಾರರ ಕಥೆಗಳನ್ನು ಬರೆದು ಗಳಿಸಿದ ಹಣವನ್ನು ಗ್ರೇ ಕಡಲಿಗೆ ಸುರಿದನು. ಆತನ ಸಾಹಿತ್ಯದ ಗುಣಾವಗುಣಗಳನ್ನು ವಿಮರ್ಶಕರಿಗೆ ಬಿಟ್ಟು, ನಾವು ಗಾಳದ ಕೋಲಿನ ಹಿಂದೆ ಹೋಗೋಣ.

ಕ್ಯಾಲಿಫೋರ್ನಿಯದ ಎದುರಿಗೆ ಕ್ಯಾಟಲೀನ ಎಂಬ ದ್ವೀಪವಿದೆ. ಅಲ್ಲಿನ ಆವಲಾನ್ ಊರಿನಲ್ಲಿ ೧೮೯೮ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬಾತನು ಟ್ಯೂನಾ ಕ್ಲಬ್ಬನ್ನು ಸ್ಥಾಪಿಸಿದನು. ಅದಕ್ಕೆ ಮೊದಲು ಜನರು ದಪ್ಪ ಹಗ್ಗಗಳನ್ನು ಕೈಯಲ್ಲಿ ಹಿಡಿದು ರಾಶಿರಾಶಿ ಮೀನುಗಳನ್ನು ಎಳೆಯುತ್ತಿದ್ದರು. ಅದು ಆಟವಲ್ಲ, ಬರಿಯ ಕೊಲೆ ಎಂಬುದು ಹೋಲ್ಡರನ ಅಭಿಪ್ರಾಯ. ಕೋಲು ಮತ್ತು ರೀಲಿನಿಂದಲೇ ಹಿಡಿಯಬೇಕು, ದಾರ ಗೊತ್ತಾದ ಎಳೆಗಳನ್ನು ಮೀರಬಾರದು, ಪರರ ನೆರವಿಲ್ಲದೆ ಮೀನನ್ನು ದೋಣಿಯ ಪಕ್ಕಕ್ಕೆ ತರಬೇಕು ಎಂದು ಕ್ಲಬ್ಬು ವಿಧಿಸಿತು. ಆಗಿನ ದಾರ ನಾರುಬಟ್ಟೆಯ ಎಳೆಗಳನ್ನು ಹೊಸೆದದ್ದು. ಒದ್ದೆಯಾದ ಒಂದೊಂದು ಎಳೆ ಮೂರು ಪೌಂಡು ತಡೆಯುವುದೆಂದು ಲೆಕ್ಕ. ಇಪ್ಪತ್ನಾಲ್ಕು ಎಳೆಯ ದಾರವೆಂದರೆ ೭೨ ಪೌಂಡು. ಅಂತಹ ದಾರದಿಂದ ನಾನೂರು ಪೌಂಡಿನ ಕತ್ತಿಮೀನನ್ನು ದಣಿಸಬೇಕಾದರೆ ಗಂಟೆಗಟ್ಟಲೆ ಬೆನ್ನು ಮುರಿಯಬೇಕು.

ಗ್ರೇ ಈ ಕ್ಲಬ್ಬಿನ ಸದಸ್ಯನಾದನು. ೧೯೨೦ರಲ್ಲಿ ೪೧೮ ಪೌಂಡಿನ ಕತ್ತಿಮೀನನ್ನು ತಂದು ಹಿಗ್ಗಿದನು. ಮರುವರ್ಷವೇ ಶ್ರೀಮತಿ ಸ್ಪಾಲ್ಡಿಂಗ್ ಎಂಬ ಸಣ್ಣ ಮೈಕಟ್ಟಿನ ಮಹಿಳೆ ೪೨೬ ಪೌಂಡಿನ ಕತ್ತಿಮೀನನ್ನು ತೂಗಿಸಿದಳು. ಎಂಟೇ ಪೌಂಡಿನ ಅಂತರ! ಹೆಂಗಸೊಬ್ಬಳು ನೆರವಿಲ್ಲದೆ ಇದನ್ನು ಹಿಡಿದಿರಲಾರಳೆಂದು ಗ್ರೇ ಅನುಮಾನದ ಮಾತನ್ನಾಡಿದನು. ಕ್ಲಬ್ಬಿನವರು ಆಕೆಯ ಪಕ್ಷವನ್ನೇ ವಹಿಸಿದರು. ಮನಸ್ತಾಪ ಬೆಳೆದು ಗ್ರೇ ಕ್ಲಬ್ಬನ್ನು ಬಿಟ್ಟನು. ನ್ಯಾಯ ಆಕೆಯ ಕಡೆಗಿತ್ತೆಂದೇ ನನಗೆ ತೋರುತ್ತದೆ. ನಿಯಮದಂತೆ ತೂಗಿ ಬರೆದಿಟ್ಟ ಮೀನನ್ನು, ಹಿಡಿದವಳ ತೋಳಿನ ಗಾತ್ರ ನೋಡಿ ಅಲ್ಲಗಳೆಯುವುದು ಯಾವ ತಕ್ಕಡಿಯ ನ್ಯಾಯ?

ಅನಂತರ ಗ್ರೇಯ ಹಂಬಲಕ್ಕೆ ಆ ದ್ವೀಪದ ನೀರು ಸಾಲದಾಯಿತು. ೧೯೨೪ರಲ್ಲಿ ಕೆನಡಾದ ನೋವಾಸ್ಕೋಷಿಯದಲ್ಲಿ ೭೫೮ ಪೌಂಡಿನ ನೀಲಿ ಟ್ಯೂನಾ ಹಿಡಿದನು. ಅದು ಆಗಿನ ವಿಶ್ವದಾಖಲೆ. ಅಲ್ಲಿಯೇ ಮೂರು ಪಟಕಂಬಗಳ ಹಡಗೊಂದನ್ನು ಕೊಂಡು ಅದಕ್ಕೆ ‘ಫಿಷರ್‌ಮನ್’ ಎಂದು ಹೆಸರಿಟ್ಟನು. ೧೯೨೬ರಲ್ಲಿ ನ್ಯೂಜಿಲೆಂಡಿನ ಬೇ ಆಫ್ ಐಲೆಂಡ್ಸ್‌ನಲ್ಲಿ ಬೀಡುಬಿಟ್ಟು, ಅಲ್ಲಿನವರ ಗಾಳದ ಕ್ರಮವೇ ಸರಿಯಲ್ಲವೆಂದು ಬರೆದು ಅವರ ಕೋಪಕ್ಕೂ ಗುರಿಯಾದನು. ಅದೇ ವರ್ಷ ೪೫೦ ಪೌಂಡಿನ ಪಟ್ಟೆ ಮಾರ್ಲಿನ್ ಹಿಡಿದು ಇನ್ನೊಂದು ದಾಖಲೆ ಮಾಡಿದನು. ಆದರೆ ಜೊತೆಯಲ್ಲಿದ್ದ ಕ್ಯಾಪ್ಟನ್ ಲಾರಿ ಮಿಚೆಲ್ ೯೭೬ ಪೌಂಡಿನ ಕಪ್ಪು ಮಾರ್ಲಿನನ್ನು ತಂದುಬಿಟ್ಟನು. ಸಾವಿರಕ್ಕೆ ಇಪ್ಪತ್ನಾಲ್ಕು ಕಡಮೆ. ಕೋಲು ರೀಲಿನಿಂದ ಸಾವಿರ ಮುಟ್ಟಿದವರು ಆಗ ಯಾರೂ ಇರಲಿಲ್ಲ. ಅದು ತನ್ನದಾಗಬೇಕೆಂಬ ಆಸೆ ಗ್ರೇಯನ್ನು ಹಿಡಿಯಿತು.

ಆ ಆಸೆಯನ್ನು ಬೆನ್ನಟ್ಟಿ ಟಾಹಿಟಿ ದ್ವೀಪದ ವೈರಾವೊ ಎಂಬಲ್ಲಿ ಬಿಡಾರ ಹೂಡಿದನು. ದಿನಗಟ್ಟಲೆ ಗಾಳಕ್ಕೆ ಏನೂ ಕಚ್ಚದೆ ಬರಿಗೈಯಲ್ಲಿ ಮರಳಿದ್ದುಂಟು. ೧೯೩೦ರ ಮೇ ತಿಂಗಳ ೧೬ರಂದು ದೊಡ್ಡ ಮಾರ್ಲಿನ್ ಒಂದು ಕಚ್ಚಿತು. ಬಹಳ ಹೊತ್ತು ಸೆಣಸಿ ಹತ್ತಿರಕ್ಕೆ ತರುವಷ್ಟರಲ್ಲಿ ಸೊರಗಳು ಬಂದು ಮೀನಿನ ಬಾಲದ ಕಡೆಯ ಮಾಂಸವನ್ನು ಕಿತ್ತವು. ದಡಕ್ಕೆ ತಂದಾಗ ಉದ್ದ ೧೪ ಅಡಿ ೨ ಅಂಗುಲ. ಉಳಿದ ದೇಹವನ್ನು ತೂಗಿದರೆ ೧,೦೪೦ ಪೌಂಡು! ಸೊರಗಳ ಪಾಲಿಗೆ ಹೋದದ್ದು ಇನ್ನೂರು ಪೌಂಡಿನಷ್ಟೆಂದು ಅಂದಾಜು.

ಸಾವಿರದ ಗಡಿ ದಾಟಿತು. ಆದರೆ ತಕರಾರೂ ಹುಟ್ಟಿತು. ಸೊರ ಕಚ್ಚಿದ ಮೀನು ರಕ್ತ ಕಳೆದುಕೊಂಡು ಸೋಲುತ್ತದೆ. ಬಾಲ ಹೋದ ಮೇಲೆ ಈಜುವ ಬಲವೆಲ್ಲಿ? ಆಮೇಲೆ ಅದನ್ನು ಗೆದ್ದವನು ಮನುಷ್ಯನೋ ಸೊರವೋ ಹೇಳುವುದು ಕಷ್ಟ. ಇತ್ತ ಗ್ರೇಯ ಕಡೆಯಿಂದ ನೋಡಿದರೆ, ಹರಿದ ಮೈಯೇ ಇಷ್ಟು ತೂಗಿತು, ಇಡೀ ಮೀನು ಇನ್ನೆಷ್ಟಿತ್ತೋ! ಎರಡು ವಾದಗಳಲ್ಲಿಯೂ ಹುರುಳಿದೆ. ಆಗ ತೀರ್ಪು ಕೊಡಲು ಜಗತ್ತಿಗೆಲ್ಲ ಒಂದಾದ ಸಭೆ ಇರಲಿಲ್ಲ. ಒಂದೊಂದು ಕ್ಲಬ್ಬಿಗೆ ಒಂದೊಂದು ಕಟ್ಟಳೆ.

ಅಂತಹ ಸಭೆ ೧೯೩೯ರ ಜೂನ್ ೭ರಂದು ನ್ಯೂಯಾರ್ಕಿನ ಅಮೆರಿಕನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸೇರಿತು. ಮೈಕೆಲ್ ಲರ್ನರ್ ಎಂಬ ಸಾಹಸಿಯ ಯತ್ನದಿಂದ ಹುಟ್ಟಿದ ಅಂತಾರಾಷ್ಟ್ರೀಯ ಗೇಮ್ ಫಿಷ್ ಸಂಘಕ್ಕೆ ವಿಲಿಯಂ ಕಿಂಗ್ ಗ್ರೆಗರಿ ಎಂಬ ವಿಜ್ಞಾನಿ ಮೊದಲ ಅಧ್ಯಕ್ಷನಾದನು. ಇಂದಿಗೂ ದಾಖಲೆಗಳಿಗೆ ಮುದ್ರೆಯೊತ್ತುವುದು ಈ ಸಂಘವೇ. ಅದರ ಕಟ್ಟುನಿಟ್ಟು ನಮ್ಮ ಪರೀಕ್ಷಾ ಮಂಡಲಿಗಳಿಗೂ ಹೊಟ್ಟೆಕಿಚ್ಚು ತರುವಂತಹುದು. ಕೋಲನ್ನಾಗಲಿ ರೀಲನ್ನಾಗಲಿ ಬೇರೆಯವರು ಒಮ್ಮೆ ಮುಟ್ಟಿದರೂ ಸಾಕು, ಮೀನು ತಿರಸ್ಕೃತ. ತೂಕ ನೆಲದ ಮೇಲೆಯೇ ಆಗಬೇಕು, ತೂಗಾಡುವ ದೋಣಿಯಲ್ಲಿ ತೂಗಿದ್ದು ಸಲ್ಲದು, ತಕ್ಕಡಿ ಪ್ರಮಾಣೀಕೃತವಾಗಿರಬೇಕು. ಬಳಸಿದ ದಾರದ ತುಂಡನ್ನೇ ಕಳುಹಿಸಬೇಕು. ಸಂಘದವರು ಅದನ್ನು ಎಳೆದು ಪರೀಕ್ಷಿಸುತ್ತಾರೆ. ಜೊತೆಗೆ ಭಾವಚಿತ್ರಗಳು, ಸಾಕ್ಷಿಗಳು. ಇಪ್ಪತ್ತೈದು ಪೌಂಡು ಮೀರಿದ ಮೀನಾದರೆ ಹಳೆಯ ದಾಖಲೆಯನ್ನು ಶೇಕಡಾ ಅರ್ಧದಷ್ಟಾದರೂ ಮೀರಿರಬೇಕು. ಇಷ್ಟೆಲ್ಲದರ ನಡುವೆ ಇನ್ನೊಂದು ವಿಧಿ: ದೋಣಿಗೆ ತರುವ ಮೊದಲೇ ಸೊರವೋ ಬೇರೆ ಪ್ರಾಣಿಯೋ ಮಾಂಸ ಹರಿದ ಮೀನಿಗೆ ದಾಖಲೆಯಲ್ಲಿ ಸ್ಥಾನವಿಲ್ಲ.

ಅಲ್ಲಿಗೆ ಟಾಹಿಟಿಯ ಮೀನಿನ ಕಥೆ ಮುಗಿಯಿತು. ಸಾವಿರ ಮುಟ್ಟಿದ ಮೊದಲಿಗನೆಂದು ಗಾಳಗಾರರು ಗ್ರೇಯನ್ನು ಸ್ಮರಿಸುತ್ತಾರೆ. ಆದರೆ ಆ ಮೀನು ಪುಸ್ತಕಕ್ಕೆ ಸಲ್ಲದು. ಮೂವತ್ತಾರರಲ್ಲಿ ಆತನು ಆಸ್ಟ್ರೇಲಿಯಕ್ಕೆ ಹೋಗಿ, ಸಿಡ್ನಿಯ ಬಳಿ ೧,೦೩೬ ಪೌಂಡಿನ ಹುಲಿಸೊರವನ್ನು ಹಿಡಿದದ್ದೂ, ‘ವೈಟ್ ಡೆತ್’ ಎಂಬ ಚಲಚ್ಚಿತ್ರದಲ್ಲಿ ಝೇನ್ ಗ್ರೇಯಾಗಿಯೇ ನಟಿಸಿದ್ದೂ ಉಂಟು. ಸಾವಿರ ಪೌಂಡಿನ ಮಾರ್ಲಿನ್ ಯಾವ ಗಾಯವೂ ಇಲ್ಲದೆ ಆತನ ಕೈಗೆ ಬರಲಿಲ್ಲ.

ಸಂಘ ಹುಟ್ಟಿದ ನಾಲ್ಕೂವರೆ ತಿಂಗಳಿಗೆ, ೧೯೩೯ರ ಅಕ್ಟೋಬರ್ ೨೩ರಂದು, ಕ್ಯಾಲಿಫೋರ್ನಿಯದ ಆಲ್ಟಡೀನದ ಮನೆಯಲ್ಲಿ ಗ್ರೇ ಹೃದಯ ನಿಂತು ತೀರಿಕೊಂಡನು. ೧೯೫೩ರ ಆಗಸ್ಟ್ ೪ರಂದು ಪೆರು ದೇಶದ ಕಾಬೊ ಬ್ಲಾಂಕೊದಲ್ಲಿ ಆಲ್‌ಫ್ರೆಡ್ ಗ್ಲಾಸೆಲ್ ಎಂಬಾತನು ಹಿಡಿದ ೧,೫೬೦ ಪೌಂಡಿನ ಕಪ್ಪು ಮಾರ್ಲಿನ್ ಪುಸ್ತಕವನ್ನು ಸೇರಿತು. ಡಾಲಿ ೧೯೫೭ರಲ್ಲಿ ತೀರಿಕೊಂಡಳು. ದಂಪತಿಗಳ ಚಿತಾಭಸ್ಮವಿರುವುದು ಪೆನ್ಸಿಲ್ವೇನಿಯದ ಲ್ಯಾಕವಾಕ್ಸನ್ನಿನಲ್ಲಿ. ಆತನ ಮೊದಲ ಲೇಖನದ ಡೆಲವೇರ್ ನದಿ ಆ ಊರಿನ ಪಕ್ಕದಲ್ಲಿಯೇ ಹರಿಯುತ್ತದೆ.